ಪವರಿಂದು ಗುಳಿಗಿ ಕೊಡ್ರಿ: ಆಂಟಿಬಯಾಟಿಕ್ ಬಗ್ಗೆ ನಮ್ಮ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ನವನಗರದಲ್ಲಿ ಔಷಧ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಕೌಂಟರಿನ ಮುಂದೆ ನಿಂತು ಕೇಳಿದವು, ವಾಟ್ಸಾಪಿನಲ್ಲಿ ಚೀಟಿಯ ಫೋಟೋ ಜೊತೆ ಬಂದವು, ಮದುವೆ ಊಟದ ಪಂಕ್ತಿಯಲ್ಲೂ ಬಿಡದೆ ಕೇಳಿದವು, ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಟ್ಟಿದ್ದೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಇದನ್ನು ಓದಿ ಗುಳಿಗೆ ಕೊಳ್ಳಬೇಡಿ. ನಾನು ಔಷಧ ಕೊಡುವವನು, ರೋಗ ಹಿಡಿಯುವವರು ಡಾಕ್ಟರು.

## ಕೌಂಟರಿನ ಮುಂದೆ ನಿಂತು ಕೇಳುವವು

ಪವರಿಂದು ಗುಳಿಗಿ ಕೊಡ್ರಿ ಅಣ್ಣಾರ, ಲೈಟ್ ಗುಳಿಗಿಗೆ ನನಗ ಕಡಿಮಿ ಆಗೂದಿಲ್ಲ.

ಇದು ಪ್ರಶ್ನೆಯಲ್ಲ, ಆರ್ಡರು. ದಿನಕ್ಕೆ ಹತ್ತು ಸಲ ಬರುವುದರಿಂದ ಮೊದಲು ಇದೇ ಇರಲಿ.

ಆಂಟಿಬಯಾಟಿಕ್‌ಗಳಲ್ಲಿ ಲೈಟು, ಪವರು ಅಂತ ಏಣಿ ಇಲ್ಲ. ಸ್ಟ್ರಿಪ್ ಮೇಲಿನ 250, 500, 625 ಎಲ್ಲ ಮಿಲಿಗ್ರಾಂ ತೂಕ. 500ರ ಅಮಾಕ್ಸಿಸಿಲಿನ್ ಮುಂದೆ 100ರ ಡಾಕ್ಸಿಸೈಕ್ಲಿನ್ ಸಪ್ಪೆ ಅಂತ ಅರ್ಥವಲ್ಲ. ಜೋಳದ ಹೊಲಕ್ಕೆ 2,4-ಡಿ ಹೊಡೆದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಅಗಲ ಎಲೆಯ ಕಸ ಸಾಯುತ್ತದೆ, ಹುಲ್ಲಿನ ಜಾತಿಯ ಕಸ ಮೈಮುರಿಯದೆ ನಿಂತಿರುತ್ತದೆ. ಎಣ್ಣೆ ಸಪ್ಪೆ ಇತ್ತು ಅಂತಲ್ಲ, ಕಸದ ಜಾತಿ ಬೇರೆ. ಡಾಕ್ಟರು ಗುಳಿಗೆ ಆರಿಸುವಾಗ ನೋಡುವುದೂ ಇಷ್ಟೇ: ಯಾವ ಜಾತಿಯ ಬ್ಯಾಕ್ಟೀರಿಯಾ ಇರಬಹುದು, ಅದು ಮೈಯಲ್ಲಿ ಎಲ್ಲಿ ಕೂತಿದೆ, ಈ ಔಷಧ ಅಲ್ಲಿಗೆ ಮುಟ್ಟುತ್ತದೆಯೇ.

ನಗಡಿ ಆಗೇತಿ, ಹಳದಿ ಕಫ ಬೀಳಾಕತ್ತೇತಿ. ಹೋದ ಸಲ ಮೂರು ಗುಳಿಗಿಗೇ ಆರಾಮಾಗಿತ್ತಲ್ಲ?

ನಗಡಿ, ಫ್ಲೂ, ಡೆಂಗಿ, ಚಿಕನ್‌ಗುನ್ಯಾ ಎಲ್ಲ ವೈರಸ್ಸಿನವು. ಆಂಟಿಬಯಾಟಿಕ್ ಹೊಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು, ಅದರ ಪ್ರೋಟೀನು ಮಾಡುವ ಯಂತ್ರವನ್ನು. ವೈರಸ್ಸಿಗೆ ಅವೆರಡೂ ಇಲ್ಲ. ಕಫ ಹಳದಿ ಆದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಂತಲೂ ಅಲ್ಲ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳದು. ಹೋದ ಸಲ ನೀವು ಬಂದಿದ್ದು ನಾಲ್ಕನೇ ದಿನ, ಗುಳಿಗೆ ಮೂರು ದಿನ. ಏಳು ದಿನಕ್ಕೆ ನಗಡಿ ತಾನಾಗಿ ಇಳಿಯಿತು, ಹೆಸರು ಗುಳಿಗೆಗೆ ಬಂತು. ಉಸಿರು ಕಟ್ಟುತ್ತಿದ್ದರೆ, ಎದೆ ಚುಚ್ಚುತ್ತಿದ್ದರೆ, ಬಿಟ್ಟ ಜ್ವರ ಮತ್ತೆ ಏರಿದರೆ ಮಾತ್ರ ಲೆಕ್ಕ ಬೇರೆ, ಆಗ ಡಾಕ್ಟರ ಹತ್ತಿರ ಹೋಗಿ.

ಚೀಟಿ ಇಲ್ಲದ ಯಾಕ ಕೊಡೂದಿಲ್ಲ? ಬಾಜೂ ಅಂಗಡ್ಯಾಂವ ಕೊಡ್ತಾನಲ್ಲ.

ಸ್ಟ್ರಿಪ್ಪಿನ ಎಡಬದಿಗೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಡುವಂತಿಲ್ಲ. ಅದರಲ್ಲೂ ಷೆಡ್ಯೂಲ್ ಎಚ್1 ಅಂತ ಒಂದು ಪಟ್ಟಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್, ಟಿಬಿ ಔಷಧಗಳು ಅದರಲ್ಲಿವೆ. ಇವನ್ನು ಕೊಟ್ಟಾಗ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆವು ಎನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟಿರಬೇಕು.

ಕಾನೂನು ಆಮೇಲೆ. ನಾನು ಕಟ್ಟುನಿಟ್ಟಾಗಲು ಕಾರಣ ಬೇರೆ. ಅಂಗಡಿ ಹೊಸದಿದ್ದಾಗ ಕಬ್ಬಿನ ಗಾಡಿ ಹೊಡೆಯುವ ಒಬ್ಬ ಕಾಕಾ ಕೆಮ್ಮಿಗೆ ಅಂತ ಬಂದ. ಲಿವೋಫ್ಲಾಕ್ಸಸಿನ್ ಐದು ಗುಳಿಗೆ ಕತ್ತರಿಸಿ ಕೊಟ್ಟೆ. ವಾರಕ್ಕೆ ಬಂದು, "ಭಾಳ ಛಲೋ ಆತು ತಮ್ಮಾ" ಅಂದ. ತಿಂಗಳಿಗೆ ಮತ್ತೆ ಕೆಮ್ಮು, ಮತ್ತೆ ಅದೇ ಐದು. ಮೂರನೇ ಸಲ ಬಂದಾಗ ಅಂಗಿ ಕಾಲರು ಸಡಿಲಾಗಿ ಕೊರಳ ಎಲುಬು ಕಾಣುತ್ತಿತ್ತು. ಟಿಬಿ. ಲಿವೋಫ್ಲಾಕ್ಸಸಿನ್ ಟಿಬಿ ರೋಗಾಣುವನ್ನೂ ಸ್ವಲ್ಪ ಹೊಡೆಯುತ್ತದೆ. ಪೂರ್ತಿ ಕೊಲ್ಲುವುದಿಲ್ಲ, ಮುಚ್ಚಿಡುತ್ತದೆ. ರೋಗ ಸಿಗುವುದು ತಡವಾಗುತ್ತದೆ, ಅಷ್ಟರಲ್ಲಿ ರೋಗಾಣು ಆ ಔಷಧಕ್ಕೆ ಪಳಗಿಯೂ ಬಿಡಬಹುದು, ಅಂದರೆ ಆ ಔಷಧಕ್ಕೆ ಸಾಯದಂತಾಗಬಹುದು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ. ಕಾಕಾ ಪೂರ್ತಿ ಗುಣವಾದ. ಅವನ ಮನೆಯ ಜನ ಈಗಲೂ ನಮ್ಮ ಅಂಗಡಿಗೇ ಬರುತ್ತಾರೆ, ಅದು ಅವರ ದೊಡ್ಡ ಗುಣ.

ಜ್ವರ ಬಿಡ್ತು. ಉಳಿದಿದ್ದು ಇಟ್ಕೊಂಡ್ರ ಮುಂದ ಬರ್ತೈತಿ, ಹೌದಿಲ್ಲೊ?

ಬರುವುದಿಲ್ಲ. ಎರಡು ಗುಳಿಗೆ ಯಾವ ರೋಗಕ್ಕೂ ಸಾಲದು, ಪಳಗಿಸಲಿಕ್ಕೆ ಮಾತ್ರ ಸಾಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕೋರ್ಸು ಉದ್ದ ಆದಷ್ಟೂ ಒಳ್ಳೆಯದು ಎಂಬ ಹಳೆಯ ನಂಬಿಕೆಯೂ ಈಗ ಸಡಿಲಾಗಿದೆ. ಸಾದಾ ನ್ಯುಮೋನಿಯಾ ಸುಧಾರಿಸುತ್ತಿದ್ದರೆ 5 ದಿನಕ್ಕೇ ನಿಲ್ಲಿಸುತ್ತಾರೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗಂಟಲುನೋವಿಗೆ ಪೆನಿಸಿಲಿನ್ 10 ದಿನ. ಸಾಮಾನ್ಯ ಟಿಬಿಗೆ 6 ತಿಂಗಳು. ಒಂದೊಂದು ರೋಗಕ್ಕೆ ಒಂದೊಂದು ಲೆಕ್ಕ ಇರುವುದರಿಂದ ಜ್ವರ ಬಿಟ್ಟಿದ್ದನ್ನು ನೋಡಿ ನೀವೇ ನಿಲ್ಲಿಸಬೇಡಿ, ಬರೆದವರಿಗೆ ಒಂದು ಫೋನ್ ಮಾಡಿ.

ಊಟಕ್ಕಿಂತ ಮೊದಲೋ ಆಮ್ಯಾಲೋ? ಹಾಲಿನ ಜೋಡಿ ನುಂಗಿದ್ರ ನಡೀತೈತಿ?

ಕ್ಲಾವುಲನೇಟ್ ಸೇರಿದ ಅಮಾಕ್ಸಿಸಿಲಿನ್, ನೈಟ್ರೋಫ್ಯುರಾಂಟೊಯಿನ್, ಮೆಟ್ರೊನಿಡಜೋಲ್ ಊಟದ ಜೊತೆ. ಕ್ಲಾಕ್ಸಸಿಲಿನ್, ರಿಫಾಂಪಿಸಿನ್ ಬರಿ ಹೊಟ್ಟೆಗೆ.

ಹಾಲಿನ ಗೊಡವೆ ಇರುವುದು ಮುಖ್ಯವಾಗಿ ಎರಡು ಮನೆತನಕ್ಕೆ: ಡಾಕ್ಸಿಸೈಕ್ಲಿನ್ ಇರುವ ಟೆಟ್ರಾಸೈಕ್ಲಿನ್‌ಗಳು, ಸಿಪ್ರೋಫ್ಲಾಕ್ಸಸಿನ್ ಇರುವ ಕ್ವಿನೊಲೋನ್‌ಗಳು. ಹಾಲು, ಮೊಸರಿನ ಕ್ಯಾಲ್ಸಿಯಂ ಇವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಕಬ್ಬಿಣದ ಗುಳಿಗೆ, ಸತುವಿನ ಗುಳಿಗೆ, ಎದೆ ಉರಿಗೆ ಕುಡಿಯುವ ಗುಲಾಬಿ ಔಷಧವೂ ಅದನ್ನೇ ಮಾಡುತ್ತವೆ. ಎರಡು ತಾಸಾದರೂ ಅಂತರ ಇರಲಿ.

ಡಾಕ್ಸಿಯನ್ನು ಮಲಗುವಾಗ ಒಂದು ಗುಟುಕು ನೀರಲ್ಲಿ ನುಂಗಿ ಅಡ್ಡಾಗಬೇಡಿ. ಅನ್ನನಾಳದಲ್ಲೇ ಅಂಟಿ ಸುಡುತ್ತದೆ. ಹಾಗೆ ಮಾಡಿದ ಕಾಲೇಜು ಹುಡುಗಿಯೊಬ್ಬಳು ಮೂರು ದಿನ ಉಗುಳು ನುಂಗಲಿಕ್ಕೂ ಅಳುತ್ತಿದ್ದಳು. ಮನೆಯವರು ಹೃದಯದ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ತುಂಬಿದ ಗ್ಲಾಸು ನೀರು, ಆಮೇಲೆ ಅರ್ಧ ತಾಸು ಕೂತಿರಿ.

ಆಂಟಿಬಯಾಟಿಕ್ ಭಾಳ ಹೀಟ್. ಬಾಯಿ ಹುಣ್ಣಾಗ್ತಾವ, ಹೊಟ್ಟಿ ಜಾಡಸ್ತೈತಿ.

ಕಷ್ಟ ನಿಜ, ಕಾರಣ ಹೀಟ್ ಅಲ್ಲ. ಕರುಳಿನಲ್ಲಿ ನಮ್ಮ ಪರವಾಗಿ ಬದುಕುವ ಬ್ಯಾಕ್ಟೀರಿಯಾಗಳೂ ಔಷಧಕ್ಕೆ ಸಾಯುತ್ತವೆ. ಅವು ಬಿಟ್ಟ ಜಾಗದಲ್ಲಿ ಶಿಲೀಂಧ್ರ ಬೆಳೆದರೆ ಬಾಯಲ್ಲಿ ಬಿಳಿ ಪೊರೆ, ಹೆಂಗಸರಿಗೆ ಬಿಳಿಸೆರಗು, ತುರಿಕೆ. ಭೇದಿ ಸಣ್ಣದಿದ್ದರೆ ಓಆರ್‌ಎಸ್ ಕುಡಿದು ಮುಂದುವರಿಸಬಹುದು. ದಿನಕ್ಕೆ ಹಲವು ಸಲ ನೀರಿನಂತೆ ಹೋಗಿ, ಹೊಟ್ಟೆ ಹಿಂಡಿ, ಜ್ವರ ಬಂದರೆ ಅದು ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ್ದು ಇರಬಹುದು. ಕ್ಲಿಂಡಾಮೈಸಿನ್, ಸೆಫಲೋಸ್ಪೊರಿನ್, ಕ್ವಿನೊಲೋನ್ ಆದಮೇಲೆ ಹೆಚ್ಚು. ಭೇದಿ ಕಟ್ಟುವ ಗುಳಿಗೆ ನುಂಗದೆ ಆಸ್ಪತ್ರೆಗೆ ಹೋಗಿ. ಜೊತೆಗೆ ಬರೆಯುವ ಬಿ ಕಾಂಪ್ಲೆಕ್ಸ್‌ಗೆ ಹೀಟ್ ಇಳಿಸುವ ಶಕ್ತಿ ಇಲ್ಲ. ಮಾರುವವನೇ ಹೇಳುತ್ತಿದ್ದೇನೆ, ನಂಬಿ.

ಸೂಜಿ ಮಾಡಿಸಿದ್ ಕೂಡ್ಲೆ ಮೈತುಂಬ ಗಂಧಿ ಎದ್ದುವು. ಇನ್ನ ಮ್ಯಾಲ ಯಾವ ಆಂಟಿಬಯಾಟಿಕ್ಕೂ ಬ್ಯಾಡೇನು?

ಒಂದು ತಾಸಿನ ಒಳಗೆ ಗಂಧೆ, ತುಟಿ ಊತ, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು ಆದರೆ ಅದು ನಿಜವಾದ ಅಲರ್ಜಿ, ಜೀವಕ್ಕೆ ಅಪಾಯ. ಆ ಔಷಧದ ಹೆಸರನ್ನು ಚೀಟಿಯಲ್ಲಿ ಬರೆಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಬಿಡಬೇಕಾದ್ದು ಆ ಔಷಧ, ಅದರ ಹತ್ತಿರದ ಸಂಬಂಧಿಗಳು. ಎಲ್ಲ ಆಂಟಿಬಯಾಟಿಕ್ ಅಲ್ಲ. ಇನ್ನೊಂದು ಬದಿಯೂ ಇದೆ. "ನನಗ ಪೆನಿಸಿಲಿನ್ ಆಗಿಬರೂದಿಲ್ಲ" ಅನ್ನುವ ಬಹಳ ಜನರನ್ನು ಕೆದಕಿ ಕೇಳಿದರೆ ಹಿಂದೊಮ್ಮೆ ವಾಕರಿಕೆ ಬಂದಿತ್ತು, ಅಷ್ಟೇ. ವಾಕರಿಕೆ ಅಲರ್ಜಿ ಅಲ್ಲ.

ಸಲ್ಫಾ ಜಾತಿಯ ಕೋಟ್ರೈಮಾಕ್ಸಜೋಲ್ ಬಗ್ಗೆ ಬೇರೆ ಎಚ್ಚರಿಕೆ. ವಾರ ಎರಡು ವಾರಕ್ಕೆ ಜ್ವರ, ಕಣ್ಣು ಕೆಂಪು, ಬಾಯಿ ಒಳಗೆ ಸುಲಿದಂತಾಗಿ ಚರ್ಮ ಏಳಲು ಶುರುವಾದರೆ ಗುಳಿಗೆ ಅಲ್ಲೇ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಓಡಿ.

## ಚೀಟಿ ಓದಿಕೊಂಡು ಬಂದವರು ಕೇಳುವವು

ಬರೇ ಅಮಾಕ್ಸಿಸಿಲಿನ್ನಿಗೂ ಕ್ಲಾವ್ ಇರೂದಕ್ಕೂ ಏನ್ ಫರಕ್? ರೊಕ್ಕ ಮಾತ್ರ ದುಪ್ಪಟ್ಟು.

ಅಮಾಕ್ಸಿಸಿಲಿನ್ ಪೆನಿಸಿಲಿನ್ ಮನೆತನದ್ದು. 1928ರಲ್ಲಿ ಫ್ಲೆಮಿಂಗ್ ಕಂಡ ಆ ಬೂಷ್ಟಿನ ವಂಶ. ನಮ್ಮ ದೇಶದಲ್ಲಿ ಇದರ ಸರಕಾರಿ ಕಾರ್ಖಾನೆ ಪುಣೆ ಹತ್ತಿರದ ಪಿಂಪ್ರಿಯಲ್ಲಿ 1954ರಲ್ಲಿ ಶುರುವಾಯಿತು. ಇವು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ಇದಕ್ಕೆ ಬ್ಯಾಕ್ಟೀರಿಯಾ ಕಂಡುಕೊಂಡ ಉಪಾಯ ಬೀಟಾ ಲ್ಯಾಕ್ಟಮೇಸ್ ಎಂಬ ಕತ್ತರಿ. ಔಷಧವನ್ನೇ ಕತ್ತರಿಸಿ ಹಾಕುತ್ತದೆ. ಕ್ಲಾವುಲನೇಟ್ ಹೋಗಿ ಆ ಕತ್ತರಿಯ ಬಾಯಿ ಕಟ್ಟುತ್ತದೆ. ಹಾಗಾಗಿ ನಾಯಿ ಕಡಿತ, ಸೈನಸ್ಸು, ಹಲ್ಲಿನ ಕೀವು ಇಂಥಲ್ಲಿ ಕ್ಲಾವ್ ಉಪಯೋಗ. ಕತ್ತರಿಯೇ ಇಲ್ಲದ ಸ್ಟ್ರೆಪ್ಟೊಕಾಕಸ್ ಗಂಟಲಿಗೆ ಕ್ಲಾವ್ ಸೇರಿಸಿದರೆ ಹೆಚ್ಚುವುದು ಭೇದಿ ಮತ್ತು ಬಿಲ್ಲು. ಅಪರೂಪಕ್ಕೆ ಲಿವರಿಗೆ ತೊಂದರೆಯಾಗಿ ಕಾಮಾಲೆಯೂ ಆಗುತ್ತದೆ.

ನಮ್ಮ ಹುಡುಗಿಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ. ಎಷ್ಟ್ ವರ್ಷ ಅಂತ ಮಾಡಸೂದು?

ಸಣ್ಣವಳಿದ್ದಾಗ ಗಂಟಲುನೋವು ಬಂದು, ಆಮೇಲೆ ಕೀಲುಗಳು ಒಂದಾದ ಮೇಲೊಂದು ಬಾತು, ಎದೆಯ ಕವಾಟಕ್ಕೆ ಪೆಟ್ಟಾದ ಮಕ್ಕಳಿಗೆ ಇದು. ಮತ್ತೆ ಗಂಟಲಿಗೆ ಆ ಸ್ಟ್ರೆಪ್ಟೊಕಾಕಸ್ ಬಂದರೆ ಕವಾಟ ಇನ್ನಷ್ಟು ಕೆಡುತ್ತದೆ. ಬೆಂಜಥೀನ್ ಪೆನಿಸಿಲಿನ್ ಕುಂಡಿಯ ಮಾಂಸದಲ್ಲಿ ಕೂತು ಮೂರು ನಾಲ್ಕು ವಾರ ನಿಧಾನ ಇಳಿಯುತ್ತದೆ. ಕಲಸಿದರೆ ಹಾಲಿನ ಬಣ್ಣ, ಗಟ್ಟಿ. ಸಣ್ಣ ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ದಪ್ಪ ಸೂಜಿ, ಅದಕ್ಕೇ ಹುಡುಗಿಯ ಅಳು. ಎಷ್ಟು ವರ್ಷ ಎನ್ನುವುದು ಕವಾಟದ ಸ್ಥಿತಿಯ ಮೇಲೆ: ಕೆಲವರಿಗೆ 21 ವಯಸ್ಸಿನವರೆಗೆ, ಕವಾಟ ಹೆಚ್ಚು ಕೆಟ್ಟಿದ್ದರೆ 40ರವರೆಗೆ ಅಥವಾ ಜೀವನಪೂರ್ತಿ.

ಪವರು ಕೇಳುವವರಿಗೆ ನಾನು ಈ ಸೂಜಿಯನ್ನೇ ತೋರಿಸುತ್ತೇನೆ. ಬಹಳ ಹಳೆಯ ಆಂಟಿಬಯಾಟಿಕ್, ಅಗ್ಗದ್ದು. ಗಂಟಲಿನ ಆ ಸ್ಟ್ರೆಪ್ಟೊಕಾಕಸ್‌ಗೆ ಇವತ್ತಿಗೂ ಇದನ್ನು ಎದುರಿಸಲು ಬಂದಿಲ್ಲ.

ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಎಲ್ಲಾ "ಸೆಫ್" ಒಂದೇ ಅಲ್ಲೇನ್ರಿ?

ಮನೆತನ ಒಂದೇ, ಸೆಫಲೋಸ್ಪೊರಿನ್. ತಲೆಮಾರು ಬೇರೆ ಬೇರೆ. ಮೊದಲ ತಲೆಮಾರಿನ ಸೆಫಲೆಕ್ಸಿನ್, ಸೆಫಜೊಲಿನ್ ಚರ್ಮದ ಸೋಂಕಿಗೆ, ಆಪರೇಷನ್ ಮುಂಚಿನ ಸೂಜಿಗೆ ಛಲೋ. ಮೂರನೆಯ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಕರುಳು, ಮೂತ್ರದ ಕಡೆಯ ಬ್ಯಾಕ್ಟೀರಿಯಾವನ್ನು ಹೆಚ್ಚು ಹಿಡಿಯುತ್ತವೆ. ಸೆಫ್ಟಾಜಿಡಿಮ್ ಮತ್ತು ನಾಲ್ಕನೆಯ ಸೆಫಿಪೈಮ್ ಸ್ಯೂಡೊಮೊನಾಸ್ ಎಂಬ ಮೊಂಡ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತವೆ. ತಲೆಮಾರು ಏರಿದಂತೆ ಪವರು ಏರಿತು ಅಂತ ತಿಳಿಯಬೇಡಿ: ಕಾಲಿನ ಕುರುವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಮೇಲೆ ಸೆಫಿಕ್ಸಿಮ್‌ಗಿಂತ ಹಳೆಯ ಸೆಫಲೆಕ್ಸಿನ್ನೇ ವಾಸಿ. ಇನ್ನು ಎಂಟರೊಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾದ ಮೇಲೆ ಈ ಯಾವ ತಲೆಮಾರನ್ನೂ ನಂಬುವಂತಿಲ್ಲ. ನವಜಾತ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಸೂಜಿ ಎರಡೂ ಸೇರಬಾರದು, ಕಲ್ಲುಕಟ್ಟಿ ಪ್ರಾಣಕ್ಕೇ ಬರುತ್ತದೆ.

ವಿಡಾಲ್ ಪಾಸಿಟಿವ್ ಬಂದೇತಿ. ಸೂಜಿ ಚಾಲೂ ಆಗಿ ಮೂರು ದಿನ ಆತು, ಜ್ವರ ಬಿಡವಲ್ದು. ಔಷಧಿ ಹತ್ತೂದಿಲ್ಲೇನು?

ಟೈಫಾಯ್ಡ್ ಜ್ವರ ಸರಿಯಾದ ಔಷಧ ಬಿದ್ದ ಮೇಲೂ ಇಳಿಯಲು ನಾಲ್ಕೈದು ದಿನ ಬೇಕು. ಮೂರನೇ ದಿನಕ್ಕೆ ಡಾಕ್ಟರು ಬದಲಿಸಿ, ಔಷಧ ಬದಲಿಸಿ, ಐದನೇ ದಿನ ಎರಡನೆಯವರಿಗೆ ಹೂವಿನ ಹಾರ ಹಾಕುವುದು ನಮ್ಮಲ್ಲಿ ಮಾಮೂಲಿ.

ಮೊದಲು ಅದು ಟೈಫಾಯ್ಡೇ ಹೌದೋ ಎಂಬ ಪ್ರಶ್ನೆ ಇದೆ. ವಿಡಾಲ್ ರಕ್ತಪರೀಕ್ಷೆ ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯವನ್ನು. ಹಿಂದೆಂದೋ ಬಂದು ಹೋಗಿದ್ದರೂ ಪಾಸಿಟಿವ್ ಆಗಬಹುದು. ನಿಜವಾದ ಟೈಫಾಯ್ಡ್‌ನ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು. ನಂಬುವ ಪರೀಕ್ಷೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್, ಅದೂ ಆಂಟಿಬಯಾಟಿಕ್ ಶುರು ಮಾಡುವ ಮೊದಲು ತೆಗೆದ ರಕ್ತದಲ್ಲಿ.

ಔಷಧದ ಕತೆಯೂ ಕೇಳುವಂಥದ್ದು. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ಟೈಫಾಯ್ಡ್ ಸಾವು ಇಳಿಯಿತು. ಅಪರೂಪಕ್ಕೆ ಎಲುಬಿನ ಮಜ್ಜೆಯನ್ನೇ ಒಣಗಿಸುವ ದೋಷ ಅದರದು. ರೋಗಾಣು ಅದಕ್ಕೆ ಪಳಗಿತು, ಸಿಪ್ರೋಫ್ಲಾಕ್ಸಸಿನ್ ಬಂತು. ಅದನ್ನು ನಮ್ಮ ದೇಶದಲ್ಲಿ ಭೇದಿಗೂ, ಉರಿಗೂ, ಜ್ವರಕ್ಕೂ ಶೇಂಗಾ ಹಂಚಿದ ಹಾಗೆ ಹಂಚಿದೆವು, ಇಲ್ಲಿನ ಟೈಫಾಯ್ಡ್‌ಗೆ ಈಗ ಅದರ ಮೇಲೆ ಭರವಸೆ ಇಡುವಂತಿಲ್ಲ. ಸದ್ಯ ಸೆಫ್ಟ್ರಿಯಾಕ್ಸೋನ್ ಸೂಜಿ, ಅಜಿತ್ರೋಮೈಸಿನ್ ಗುಳಿಗೆ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿತು. ಅಲ್ಲಿ ಉಳಿದದ್ದು ಅಜಿತ್ರೋಮೈಸಿನ್ ಮತ್ತು ಮೆರೊಪೆನೆಮ್ ಇರುವ ಕಾರ್ಬಪೆನೆಮ್ ಮನೆತನ.

ಅಜಿತ್ರೋಮೈಸಿನ್ ಮೂರೇ ಗುಳಿಗಿ ಯಾಕ? ಹೆರಿಗಿ ಬ್ಯಾನಿಯಾಗೂ ಕೊಡ್ತಾರಂತಲ್ಲ?

ಇದು ಮ್ಯಾಕ್ರೊಲೈಡ್ ಮನೆತನ; ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಅಣ್ಣತಮ್ಮಂದಿರು. ಅಜಿತ್ರೋ ಜೀವಕೋಶಗಳ ಒಳಗೆ ಸೇರಿ ಕೂರುತ್ತದೆ, ಅರ್ಧ ಇಳಿಯಲು ಸುಮಾರು 68 ತಾಸು ಬೇಕು. ಗುಳಿಗೆ ಮುಗಿದರೂ ಔಷಧ ಮೈಯಲ್ಲಿ ದಿನಗಟ್ಟಲೆ ಇರುತ್ತದೆ. ಗೋಡೆಯೇ ಇಲ್ಲದ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಗೆ ಪೆನಿಸಿಲಿನ್ ಏನೂ ಮಾಡದು, ಅಜಿತ್ರೋ ಮಾಡುತ್ತದೆ. ಹೃದಯದ ಲಯ ತಪ್ಪಿಸುವ ದೋಷ ಇದೆ. ಇಸಿಜಿಯಲ್ಲಿ ಕ್ಯುಟಿ ಎಂಬ ಅಳತೆ ಉದ್ದ ಇದ್ದವರು, ಆ ತರಹದ ಬೇರೆ ಗುಳಿಗೆ ನುಂಗುವವರು ಮೊದಲೇ ಹೇಳಬೇಕು.

ಹೆರಿಗೆಯ ಮಾತಿನಲ್ಲಿ ನಮ್ಮ ಬೆಳಗಾವಿಯ ಪಾಲಿದೆ. ಹೆರಿಗೆ ನೋವು ಶುರುವಾದವರಿಗೆ 2 ಗ್ರಾಂ ಅಜಿತ್ರೋಮೈಸಿನ್ ಒಮ್ಮೆ ಕೊಟ್ಟು ನೋಡಿದ ದೊಡ್ಡ ಅಧ್ಯಯನ 7 ದೇಶಗಳಲ್ಲಿ ನಡೆಯಿತು. 29,000ಕ್ಕಿಂತ ಹೆಚ್ಚು ತಾಯಂದಿರು. ನಮ್ಮ ದೇಶದಲ್ಲಿ ಬೆಳಗಾವಿ, ನಾಗಪುರ ಅದರ ಕೇಂದ್ರಗಳು. 2023ರಲ್ಲಿ ಬಂದ ಫಲಿತಾಂಶ: ತಾಯಿಗೆ ನಂಜು ಅಥವಾ ಸಾವು ಔಷಧ ಸಿಕ್ಕವರಲ್ಲಿ ಶೇ. 1.6, ಸಿಗದವರಲ್ಲಿ ಶೇ. 2.4. ಕೂಸುಗಳಲ್ಲಿ ಫರಕ್ ಕಾಣಲಿಲ್ಲ. ಇದು ಹೆರಿಗೆ ಕೋಣೆಯಲ್ಲಿ ಡಾಕ್ಟರು ತೀರ್ಮಾನಿಸುವ ಮಾತು, ಮನೆಯಿಂದ ನುಂಗಿ ಹೋಗುವುದಲ್ಲ.

ಕುರಿ ಕಾಯೂ ನಮ್ಮಣ್ಣಗ ತಿಂಗಳಾತು ಜ್ವರ, ರಾತ್ರಿ ಬೆವರು, ಟೊಂಕ ನೋವು. ಎಷ್ಟ್ ಸೂಜಿ ಮಾಡ್ಸಿದ್ರೂ ಕಡಿಮಿಲ್ಲ.

ಕುರಿ, ಆಡು, ಎಮ್ಮೆ ಇರುವ ಮನೆಯಲ್ಲಿ ಇಂಥ ಜ್ವರ ಕಂಡರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ಜ್ವರದ್ದಲ್ಲ, ಕುರಿಯದು. "ಈಚೆಗೆ ಕುರಿ ಕಂದು ಹಾಕಿದ್ದವೇ? ಮಾಸನ್ನು ಬರಿಗೈಯಲ್ಲಿ ಎಳೆದೆಯಾ? ಹಸಿ ಹಾಲು ಕುಡಿಯುತ್ತೀಯಾ?" ಇದನ್ನು ಯಾರೂ ಕೇಳದೆ ವಾರಗಳು ಹೋಗಿರುತ್ತವೆ. ಬ್ರುಸೆಲ್ಲೋಸಿಸ್ ಎಂಬ ರೋಗ ಹಾಗೇ ಬರುವುದು. ಬೀಜ ಬಾತುಕೊಳ್ಳುವುದೂ ಉಂಟು, ನಾಚಿಕೆಗೆ ಹೇಳುವುದಿಲ್ಲ.

ಈ ರೋಗಾಣು ನಮ್ಮ ಜೀವಕೋಶದ ಒಳಗೆ ಮನೆ ಮಾಡುತ್ತದೆ. ಒಳಗೆ ಹೋಗಿ ಹೊಡೆಯುವ ಡಾಕ್ಸಿಸೈಕ್ಲಿನ್ 6 ವಾರ, ಅದರ ಜೊತೆ ರಿಫಾಂಪಿಸಿನ್ ಅಥವಾ ಆರಂಭದ ವಾರಗಳಲ್ಲಿ ಸ್ಟ್ರೆಪ್ಟೊಮೈಸಿನ್. ಒಂದೇ ಔಷಧ, ಒಂದೇ ವಾರ ಕೊಟ್ಟರೆ ಮರಳಿ ಬರುತ್ತದೆ. ರಿಫಾಂಪಿಸಿನ್ ತೆಗೆದುಕೊಂಡಾಗ ಉಚ್ಚೆ, ಕಣ್ಣೀರು ಕೇಸರಿ ಬಣ್ಣವಾಗುತ್ತವೆ, ಗಾಬರಿ ಬೇಡ; ಗರ್ಭ ತಡೆಯುವ ಗುಳಿಗೆಯನ್ನು ಅದು ಕೆಲಸಕ್ಕೆ ಬಾರದಂತೆ ಮಾಡುತ್ತದೆ, ಅದರ ಎಚ್ಚರ ಇರಲಿ.

ಇದೇ ಡಾಕ್ಸಿ ಸ್ಕ್ರಬ್ ಟೈಫಸ್‌ಗೂ ಔಷಧ. ಪೊದೆಯ ಸಣ್ಣ ನುಸಿಹುಳ ಕಚ್ಚಿದಲ್ಲಿ, ಬೀಡಿಯಿಂದ ಸುಟ್ಟಂಥ ಕರಿ ಹೊಪ್ಪಳಿಕೆ; ಕಂಕುಳ, ತೊಡೆಸಂದಿ, ನಡುಪಟ್ಟಿಯ ಕೆಳಗೆ ಹುಡುಕಿದರೆ ಸಿಗುತ್ತದೆ. ಸೆಫ್ಟ್ರಿಯಾಕ್ಸೋನ್ ವಾರ ಕೊಟ್ಟರೂ ಬಗ್ಗದ ಈ ಜ್ವರ, ಡಾಕ್ಸಿ ಬಿದ್ದ ಎರಡು ದಿನದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಆ ಡಾಕ್ಸಿಯ ಪೂರ್ತಿ ಕೋರ್ಸಿಗೆ ವಾರದ ಸೆಫ್ಟ್ರಿಯಾಕ್ಸೋನ್ ಸೂಜಿಗಳಷ್ಟು ಖರ್ಚೂ ಆಗುವುದಿಲ್ಲ.

ಬಿಸಿಲಲ್ಲಿ ದುಡಿಯುವವರಿಗೆ ಡಾಕ್ಸಿಯಿಂದ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ತೋಳು ಮುಚ್ಚುವ ಅಂಗಿ, ತಲೆಗೆ ರುಮಾಲು. ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಎಂಟರೊಳಗಿನ ಮಕ್ಕಳ ಹಲ್ಲು ಕಲೆಯಾಗುವ ಹೆದರಿಕೆ ಹಳೆಯ ಟೆಟ್ರಾಸೈಕ್ಲಿನ್‌ನದು. ಸ್ಕ್ರಬ್ ಟೈಫಸ್‌ನಂಥ ಜ್ವರಕ್ಕೆ ಸ್ವಲ್ಪ ದಿನ ಡಾಕ್ಸಿ ಕೊಡುವುದನ್ನು ಈಗ ಒಪ್ಪಿದ್ದಾರೆ.

ಉಚ್ಚಿ ಉರಿ. ಸಿಪ್ರೋ ಕೊಟ್ರ ಸಾಕಲ್ಲ?

ಹೆಣ್ಣುಮಕ್ಕಳ ಸಾದಾ ಮೂತ್ರದ ಸೋಂಕಿಗೆ ಹೆಚ್ಚಿನ ಸಲ ಕಾರಣ ಕರುಳಿನ ಬ್ಯಾಕ್ಟೀರಿಯಾ ಇ. ಕೊಲೈ. ಸಿಪ್ರೋಗೆ ಅದು ಬಹಳ ಕಡೆ ಪಳಗಿದೆ. ನೈಟ್ರೋಫ್ಯುರಾಂಟೊಯಿನ್ 5 ದಿನ, ಅಥವಾ ಫಾಸ್ಫೊಮೈಸಿನ್ ಪುಡಿ 3 ಗ್ರಾಂ ನೀರಿಗೆ ಕಲಸಿ ಒಂದೇ ಸಲ, ಇವು ಮೊದಲ ಆಯ್ಕೆ. ನೈಟ್ರೋಫ್ಯುರಾಂಟೊಯಿನ್ ಉಚ್ಚೆಯಲ್ಲಿ ಮಾತ್ರ ಸಾಕಷ್ಟು ಸೇರುತ್ತದೆ. ಚಳಿಜ್ವರ, ಬೆನ್ನಿನ ಬದಿ ನೋವು ಇದ್ದರೆ ಸೋಂಕು ಕಿಡ್ನಿಗೆ ಏರಿದೆ, ಇದು ಅಲ್ಲಿಗೆ ಮುಟ್ಟದು. ಕಿಡ್ನಿ ಸೋತವರಿಗೂ, ದಿನ ತುಂಬಿದ ಬಸುರಿಯರಿಗೂ ಬೇಡ. ಗಂಡಸರಿಗೆ, ಸಕ್ಕರೆ ಕಾಯಿಲೆಯವರಿಗೆ, ಪದೇ ಪದೇ ಬರುವವರಿಗೆ ಕಲ್ಚರ್ ಮಾಡಿಸದೆ ಮುಂದುವರಿಯಬಾರದು.

ಸಿಪ್ರೋ, ಲಿವೋ ತಗೊಂಡ್ ಮ್ಯಾಲ ಹಿಮ್ಮಡಿ ಹಿಂದ ನೋವು. ಸಂಬಂಧ ಐತೇನು?

ಇದೆ, ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕ್ವಿನೊಲೋನ್‌ಗಳು ಸ್ನಾಯುವಿನ ದಾರವನ್ನು, ಅದರಲ್ಲೂ ಹಿಮ್ಮಡಿಯ ಮೇಲಿನದನ್ನು ಹರಿಯುವ ಹಾಗೆ ಮಾಡಬಲ್ಲವು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ನುಂಗುವವರಿಗೆ ಅಪಾಯ ಹೆಚ್ಚು. ಸಕ್ಕರೆ ಗುಳಿಗೆಯ ಜೊತೆ ಸೇರಿ ಸಕ್ಕರೆ ತಟ್ಟನೆ ಇಳಿಸುವುದೂ ಉಂಟು.

ಜಾಡಿಸಿದ್ರ ಓಝಡ್ ಗುಳಿಗಿ ಮನ್ಯಾಗ ಇಟ್ಟಿರ್ತೀವಿ. ತಪ್ಪೇನು?

ತಪ್ಪು. ಅದರಲ್ಲಿ ಆಫ್ಲಾಕ್ಸಸಿನ್, ಆರ್ನಿಡಜೋಲ್ ಎರಡೂ ಇವೆ, ಬಹುಪಾಲು ಭೇದಿಗೆ ಎರಡೂ ಬೇಡ. ಓಆರ್‌ಎಸ್ ಕುಡಿಸಿ, ಮಕ್ಕಳಿಗೆ ಸತುವು 14 ದಿನ. ರಕ್ತ ಬಿದ್ದರೆ, ಜ್ವರ ಇದ್ದರೆ ಡಾಕ್ಟರು. ಮೆಟ್ರೊನಿಡಜೋಲ್ ಮನೆತನದ ನಿಜವಾದ ಕೆಲಸ ಅಮೀಬಾ, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಗಳು ಮತ್ತು ಗಾಳಿ ಇಲ್ಲದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳ ಮೇಲೆ. ಬಾಯಲ್ಲಿ ತಾಮ್ರ ನೆಕ್ಕಿದ ರುಚಿ ಬರುತ್ತದೆ. ಕುಡಿಯುವವರಿಗೆ ಬೇರೆ ಸೂಚನೆ: ಗುಳಿಗೆ ಮುಗಿದು ಮೂರು ದಿನದವರೆಗೆ ಬಾಟಲಿ ಮುಟ್ಟಬೇಡಿ.

## ನರ್ಸಿಂಗ್, ಡಿ. ಫಾರ್ಮಾ ಹುಡುಗರು ಕೇಳುವವು

ಗ್ರಾಂ ಪಾಸಿಟಿವ್, ನೆಗೆಟಿವ್ ತಲ್ಯಾಗ ಉಳಿಯೂದಿಲ್ಲ ಸರ್. ಹೆಂಗ ನೆನಪಿಡೂದು?

1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬಣ್ಣ ಹಾಕಿ ನೋಡಿದ್ದನ್ನೇ ನೀವೂ ಕಣ್ಣ ಮುಂದೆ ತನ್ನಿ. ದಪ್ಪ ಗೋಡೆಯವು ನೇರಳೆ ಬಣ್ಣ ಹಿಡಿದಿಟ್ಟವು, ಅವು ಪಾಸಿಟಿವ್: ಸ್ಟ್ಯಾಫಿಲೊ, ಸ್ಟ್ರೆಪ್ಟೊ, ಎಂಟರೊಕಾಕಸ್. ತೆಳು ಗೋಡೆ, ಅದರ ಹೊರಗೆ ಇನ್ನೊಂದು ಪೊರೆ ಇರುವವು ಗುಲಾಬಿ ಕಂಡವು, ನೆಗೆಟಿವ್: ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್. ವ್ಯಾಂಕೋಮೈಸಿನ್ ಅಣು ದೊಡ್ಡದು, ಆ ಹೊರ ಪೊರೆ ದಾಟಲಾರದು. ಹಾಗಾಗಿ ನೆಗೆಟಿವ್ ಮೇಲೆ ಸೊನ್ನೆ. ಕೊಲಿಸ್ಟಿನ್ ಆ ಪೊರೆಯನ್ನೇ ಹರಿಯುತ್ತದೆ, ಪೊರೆ ಇಲ್ಲದ ಪಾಸಿಟಿವ್ ಮೇಲೆ ಅದು ಸೊನ್ನೆ. ಗೋಡೆ ಗೊತ್ತಿದ್ದರೆ ಅರ್ಧ ಪಾಠ ಬಾಯಿಪಾಠ ಮಾಡುವ ಕೆಲಸ ಇಲ್ಲ.

ಕಲ್ಚರ್ ರಿಪೋರ್ಟಿನಾಗ ಎಸ್, ಐ, ಆರ್ ಬಾಜೂಕ ಇರೂ ನಂಬರ್ ಕಡಿಮಿ ಇದ್ದಿದ್ದೇ ಆರಿಸಬೇಕೇನು?

ಅಲ್ಲ, ಬಹಳ ಜನ ಇಲ್ಲೇ ಎಡವುತ್ತಾರೆ. ಆ ನಂಬರು, ಅಂದರೆ ಎಂಐಸಿ, ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣ. ಪ್ರತಿ ಔಷಧದ ಗಡಿ ಬೇರೆ, ಒಂದರ 0.5 ಇನ್ನೊಂದರ 2ರ ಜೊತೆ ಹೋಲಿಸುವಂತಿಲ್ಲ. ಎಸ್ ಅಂದರೆ ಔಷಧ ನಡೆಯುತ್ತದೆ, ಆರ್ ಅಂದರೆ ನಡೆಯದು, ಐ ನಡುವಿನದು. ಎಸ್ ಇರುವವುಗಳಲ್ಲಿ ಆ ಜಾಗಕ್ಕೆ ಮುಟ್ಟುವುದು, ಕಿರಿದಾದ ವ್ಯಾಪ್ತಿಯದು, ರೋಗಿಯ ಕಿಡ್ನಿಗೆ ಒಗ್ಗುವುದು ಯಾವುದು ಅಂತ ನೋಡಿ. ಇಎಸ್‌ಬಿಎಲ್ ಅಂತ, ಅಂದರೆ ಸೆಫ್ ಔಷಧಗಳನ್ನೂ ಕತ್ತರಿಸುವ ಕಿಣ್ವ ಇದೆ ಅಂತ, ಬರೆದಿದ್ದರೆ ಮೂರನೇ ತಲೆಮಾರಿನ ಸೆಫ್‌ಗಳನ್ನು ಬಿಟ್ಟುಬಿಡಿ. ಎಂಆರ್‌ಎಸ್‌ಎ (ಪಳಗಿದ ಸ್ಟ್ಯಾಫಿಲೊಕಾಕಸ್) ಇದ್ದರೆ ಕ್ಲಾಕ್ಸಸಿಲಿನ್, ಹೆಚ್ಚುಕಡಿಮೆ ಎಲ್ಲ ಸೆಫ್, ಮೆರೊಪೆನೆಮ್ ಕೂಡ ನಡೆಯದು. ಸೆಫ್ಟರೊಲಿನ್ ಒಂದು ಅಪವಾದ.

ಅಮಿಕಾಸಿನ್, ವ್ಯಾಂಕೋಮೈಸಿನ್, ಲಿನೆಜೊಲಿಡ್ ನಡೆದಾಗ ವಾರ್ಡಿನಾಗ ಏನ್ ನೋಡ್ಬೇಕು?

ಅಮಿಕಾಸಿನ್, ಜೆಂಟಾಮೈಸಿನ್ ಇರುವ ಅಮಿನೊಗ್ಲೈಕೊಸೈಡ್‌ಗಳು ಕಿಡ್ನಿ ಮತ್ತು ಕಿವಿಗೆ ಕೆಟ್ಟವು. ಕಿಡ್ನಿಯದು ಹೆಚ್ಚಾಗಿ ಮರಳುತ್ತದೆ, ಕಿವಿಯದು ಮರಳುವುದಿಲ್ಲ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ, ಉಚ್ಚೆಯ ಅಳತೆ ನೋಡಿ. "ಕಿವಿಯಾಗ ಗುಂಯ್ ಅನ್ನಾಕತ್ತೇತಿ" ಅಂದರೆ ಆ ಹೊತ್ತಿಗೇ ತಿಳಿಸಿ. ವ್ಯಾಂಕೋಮೈಸಿನ್ ಒಂದು ತಾಸಿಗಿಂತ ಬೇಗ ಓಡಿಸಿದರೆ ಮುಖ, ಕೊರಳು ಕೆಂಪೇರಿ ತುರಿಸುತ್ತದೆ. ಅದು ಸಾಮಾನ್ಯವಾಗಿ ಅಲರ್ಜಿ ಅಲ್ಲ, ನಿಲ್ಲಿಸಿ ನಿಧಾನ ಮಾಡಿ. ಲಿನೆಜೊಲಿಡ್ ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಇಳಿಯಬಹುದು, ತಿಂಗಳು ದಾಟಿದರೆ ಕಾಲು ಜುಮುಜುಮು, ಕಣ್ಣು ಮಂಜು.

ಮೆರೊಪೆನೆಮ್ಮೂ ಹತ್ತಲಿಲ್ಲ ಅಂದ್ರ ಮುಂದ?

ಮೆರೊಪೆನೆಮ್ ವ್ಯಾಪ್ತಿ ದೊಡ್ಡದು, ಆದರೂ ಸ್ಕ್ರಬ್ ಟೈಫಸ್‌ಗೆ, ಎಂಆರ್‌ಎಸ್‌ಎಗೆ ಅದು ಏನೂ ಅಲ್ಲ. ಅದನ್ನು ಕತ್ತರಿಸುವ ಎನ್‌ಡಿಎಂ ಎಂಬ ಕಿಣ್ವ 2008ರಲ್ಲಿ ಸ್ವೀಡನ್ನಿನ ರೋಗಿಯೊಬ್ಬರಲ್ಲಿ ಸಿಕ್ಕಿತು. ಅವರು ಅದಕ್ಕೆ ಮುಂಚೆ ನವದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದರು, ಹೆಸರಿನಲ್ಲಿ ನಮ್ಮ ರಾಜಧಾನಿ ಸೇರಿದ್ದು ಹಾಗೆ. ಮುಂದೆ ಉಳಿಯುವುದು ಕೊಲಿಸ್ಟಿನ್‌ನಂಥವು. ಕಿಡ್ನಿ ಕೆಡಿಸುತ್ತದೆಂದು ಒಂದು ಕಾಲಕ್ಕೆ ಮೂಲೆಗೆ ಸರಿಸಿದ್ದ ಔಷಧವನ್ನು ಗತಿಯಿಲ್ಲದೆ ಮತ್ತೆ ಕರೆತಂದಿದ್ದಾರೆ. ಅದನ್ನೇ ಕೋಳಿಗಳು ಬೇಗ ತೂಕ ಬರಲಿ ಅಂತ ಆಹಾರಕ್ಕೆ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರಕಾರ ಆಹಾರದ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಮಾಡಿರುವ ಮೂರು ಗುಂಪುಗಳಲ್ಲಿ ಕೊಲಿಸ್ಟಿನ್, ಲಿನೆಜೊಲಿಡ್ ಕಾದಿರಿಸಿದವು. ಅಜಿತ್ರೋ, ಸೆಫಿಕ್ಸಿಮ್, ಸಿಪ್ರೋ ಕಣ್ಣಿಟ್ಟು ಬಳಸಬೇಕಾದವು. ಅಮಾಕ್ಸಿಸಿಲಿನ್, ಡಾಕ್ಸಿ ಮೊದಲು ಕೈಗೆತ್ತಿಕೊಳ್ಳಬೇಕಾದವು. ನನ್ನ ಕೌಂಟರಿನಲ್ಲಿ ಜನ ಬಾಯಿಬಿಟ್ಟು ಹೆಸರು ಹೇಳಿ ಕೇಳುವುದು ನಡುವಿನ ಗುಂಪನ್ನೇ.

ದಾಳಿಂಬ್ರಿ ಗಿಡಕ್ಕ ಹೊಡಿಯೂ ಪುಡಿನೂ ಆಂಟಿಬಯಾಟಿಕ್ ಅಂತ, ಖರೇ ಏನು?

ಖರೇ. ಡಿ. ಫಾರ್ಮಾ ಓದುವ ರೈತನ ಮಗನೊಬ್ಬ ಕೇಳಿದ್ದು. ದುಂಡಾಣು ಅಂಗಮಾರಿಗೆ ನಮ್ಮ ಕಡೆ ಹೊಡೆಯುತ್ತ ಬಂದ ಸ್ಟ್ರೆಪ್ಟೊಸೈಕ್ಲಿನ್‌ನಲ್ಲಿ 90 ಪಾಲು ಸ್ಟ್ರೆಪ್ಟೊಮೈಸಿನ್, 10 ಪಾಲು ಟೆಟ್ರಾಸೈಕ್ಲಿನ್. ಮೇಲೆ ಹೇಳಿದ ಕುರಿ ಜ್ವರಕ್ಕೆ ಕೊಡುವ ಎರಡು ಮನೆತನಗಳೇ ಇವು. ಆ ಹುಡುಗ ಮರುದಿನ 6 ಗ್ರಾಂನ ಖಾಲಿ ಪಾಕೀಟು ತಂದು ಕೌಂಟರಿನ ಮೇಲೆ ಇಟ್ಟ. ಅವರಪ್ಪ ಮುಖಕ್ಕೆ ಬಟ್ಟೆ ಇಲ್ಲದೆ, ಬರಿಗೈಯಲ್ಲಿ ಡ್ರಮ್ಮಿಗೆ ಕಲಸುತ್ತಾನಂತೆ, ತೋಟದ ಕೆಳಗೇ ಕುರಿ ಮೇಯುತ್ತವಂತೆ. ಪಾಕೀಟಿನ ಹಿಂದಿನ ಸಣ್ಣಕ್ಷರವನ್ನು ಇಬ್ಬರೂ ಕನ್ನಡಕ ಏರಿಸಿ ಓದಿದೆವು. ಕೈಗವಸು ಹಾಕಿಕೊಳ್ಳಿ ಅಂತ ಅದರಲ್ಲೂ ಇತ್ತು.